ಗ್ಲೆನ್ ಪರವಾಗಿ ನಾಲ್ಕು ಮಾತು

ಚೆನ್ಸತ್ತೆಯನ್ನು ಜೂಜಾಡಲು ಕಳಿಸಿದವಳು ನಾನೇ. ಎಪ್ಪತ್ತು ದಾಟಿದ ಸೋದರತ್ತೆ, ಚರ್ಚಿನ ತೊಂಬೊಲಾ ಬಿಟ್ಟರೆ ಬೇರೆ ಆಟ ಕಂಡವರಲ್ಲ. ವಯಸ್ಸಾದವರನ್ನು ಇದಕ್ಕೆ ಎಳೆದೆಯಲ್ಲ ಎಂದು ಬೈಯುವವರು ಮೊದಲು ನನ್ನ ಕಷ್ಟ ಕೇಳಿ, ಆಮೇಲೆ ಬೈಯಲಿ.

ಇಂಟರ್‌ನೆಟ್ಟಿನ ಕ್ಯಾಸಿನೊಗಳಿಗೆ ಗಿರಾಕಿ ಕಳಿಸುವುದು ನನ್ನ ಹೊಟ್ಟೆಪಾಡು. ನಮ್ಮ ದ್ವೀಪದ ಗ್ಝೀರಾ ಪಟ್ಟಣದಲ್ಲಿ ಕಲ್ಲೆಸೆದರೆ ಈ ಕಸುಬಿನವರ ಮೇಲೇ ಬೀಳುತ್ತದೆ. ಯಾವ ಕ್ಯಾಸಿನೊ ಒಳ್ಳೆಯದು, ಯಾವುದು ಗೆದ್ದ ದುಡ್ಡು ಕೊಡದೆ ಸತಾಯಿಸುತ್ತದೆ ಎಂದು ನನ್ನ ಜಾಲತಾಣದಲ್ಲಿ ಬರೆಯುತ್ತೇನೆ. ಓದಿದವರು ಅಲ್ಲಿರುವ ಲಿಂಕ್ ಒತ್ತಿ ಒಳಗೆ ಹೋದರೆ ಅವರು ನನ್ನ ಗಿರಾಕಿ. ಅವರು ಸೋತದ್ದರಲ್ಲಿ ನನಗೊಂದು ಪಾಲು. ಆದರೆ ಗಿರಾಕಿ ನನ್ನ ಕಡೆಯವರೋ ಅಲ್ಲವೋ ಎಂದು ಎಣಿಸುವವರು ಯಾರು? ಕ್ಯಾಸಿನೊದವರೇ. ಎಣಿಸುವ ಸಾಫ್ಟ್‌ವೇರ್ ಯಾರದು? ಕ್ಯಾಸಿನೊದವರು ದುಡ್ಡು ಕೊಟ್ಟು ತಂದ ಕಂಪನಿಯದು. ನಾನು ಹೊರಗೆ ಜಗಲಿಯ ಮೇಲೆ ಕೂತು, ಒಳಗೆ ಎಷ್ಟು ಜನ ಉಂಡರು ಎಂದು ಅವರ ಬಾಯಿಂದಲೇ ಕೇಳಬೇಕು.

ಹುಂಜದ ಚಿತ್ರ ಹಾಕಿಕೊಂಡ ಸೆರ್ದುಕ್ ಎಂಬ ಕ್ಯಾಸಿನೊ ಇದೆ; ಹೆಸರಿನ ಅರ್ಥವೂ ಹುಂಜವೇ. ಈ ವಸಂತದಲ್ಲಿ ನನ್ನ ಓದುಗರು ಹೆಚ್ಚುತ್ತಿದ್ದರೆ, ಸೆರ್ದುಕ್‌ನವರು ತೋರಿಸುವ ನನ್ನ ಗಿರಾಕಿಗಳು ಕರಗುತ್ತಿದ್ದರು. ಅಲ್ಲಿ ನನ್ನಂಥವರನ್ನು ಸಂಭಾಳಿಸುವವನು ಗ್ಲೆನ್. ಬಿರ್ಕಿರ್ಕಾರಾದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಮುಂದಿನ ತಿಂಗಳೇ ನನ್ನ ಮಗನ ದೃಢೀಕರಣ ಸಂಸ್ಕಾರವಿತ್ತು. ಚರ್ಚಿನಲ್ಲಿ ಅವನ ಹೆಗಲ ಮೇಲೆ ಕೈಯಿಟ್ಟು ಧರ್ಮತಂದೆಯಾಗಿ ನಿಲ್ಲಬೇಕಾದವನೂ ಗ್ಲೆನ್‌ನೇ.

"ನಿಮ್ಮೋರು ನನ್ನ ಗಿರಾಕಿಗಳನ್ನ ನುಂಗ್ತಿದ್ದಾರೆ ಕಣೋ," ಎಂದೆ, ಬಟಾಣಿ ತುಂಬಿದ ಗರಿಗರಿ ಪಾಸ್ತಿತ್ಸಿ ಮುರಿಯುತ್ತಾ.

"ನಾವ್ಯಾಕೆ ನುಂಗೋಣ ಮಾರ್ತೀಸ್? ಸಾಫ್ಟ್‌ವೇರ್ ಏನು ತೋರಿಸುತ್ತೋ ಅದನ್ನ ನಾವು ಹೇಳ್ತೀವಿ. ಬೋಯಾನ್‌ನ ಕೇಳು."

ಬೋಯಾನ್ ದೂರದ ಸೋಫಿಯಾ ನಗರದಲ್ಲಿ ಕೂತ ಸಾಫ್ಟ್‌ವೇರ್ ಕಂಪನಿಯವನು. "ನಮ್ದೆಲ್ಲಾ ಸರಿಯಾಗೇ ಇದೆ ಮೇಡಂ," ಎಂದ ಪರದೆಯ ಮೇಲೆ. "ಯಾರನ್ನ ಎಣಿಸ್ಬೇಕು, ಯಾರನ್ನ ಬಿಡ್ಬೇಕು ಅನ್ನೋದು ಕ್ಯಾಸಿನೊದವರ ಕೈಲಿದೆ. ಅವರನ್ನೇ ಕೇಳಿ."

ಮತ್ತೆ ಗ್ಲೆನ್. "ಒಂದು ನಂಬಿಕೆ ಅಂತ ಇರ್ಬೇಕು ಕಣೇ." ಮತ್ತೆ ಬೋಯಾನ್. "ನಂಬಿಕೆ ಮುಖ್ಯ ಮೇಡಂ." ಈ ಇಬ್ಬರ ನಡುವೆ ಓಡಾಡಿ ನನ್ನ ತಲೆ ಚಿಟ್ಟುಹಿಡಿದು ಹೋಯಿತು.

ಅನುಮಾನ ಬಂದಾಗ ನಮ್ಮವರನ್ನೇ ಒಬ್ಬರನ್ನು ಗಿರಾಕಿಯ ವೇಷದಲ್ಲಿ ಒಳಗೆ ಬಿಟ್ಟು ನೋಡುವುದು ನಮ್ಮ ಕಸುಬಿನವರ ರೂಢಿ. ಅವರು ಎಣಿಕೆಗೆ ಬಂದರೆ ಸರಿ, ಬಾರದಿದ್ದರೆ ಕಳ್ಳತನ ಸಿಕ್ಕಿಬಿತ್ತು. ಚೆನ್ಸತ್ತೆಯ ಫೋನಿಗೆ ನನ್ನ ಲಿಂಕ್ ಕಳಿಸಿದೆ.

"ಹೆಸರು ಬರೆಸಿ, ಸ್ವಲ್ಪ ಆಡಿ, ಸೋತುಬಿಡಿ ಅತ್ತೆ. ದುಡ್ಡು ನಂದು."

"ಸೋಲೋದಕ್ಕೂ ನಿನ್ನ ಹತ್ರ ಪಾಠ ಹೇಳಿಸ್ಕೋಬೇಕಾ?" ಎಂದು ನಕ್ಕರು. ಚೆನ್ನಾಗಿಯೇ ಸೋತರು. ಸೆರ್ದುಕ್ ತೋರಿಸಿದ ಎಣಿಕೆಯಲ್ಲಿ ಮಾತ್ರ ಅತ್ತೆಯ ಸುಳಿವೇ ಇಲ್ಲ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಮ್ಮ ಕಸುಬಿನವರೆಲ್ಲ ಸೇರುವ ಫೇಸ್‌ಬುಕ್ ಗುಂಪಿನಲ್ಲಿ ಬರೆದೆ: ಸೆರ್ದುಕ್ ಹಾಡಹಗಲೇ ಕದಿಯುತ್ತಿದೆ, ಸಾಕ್ಷಿ ನನ್ನ ಕೈಯಲ್ಲಿದೆ, ಅಲ್ಲಿ ಕೂತಿರುವ ಗ್ಲೆನ್ ಕಳ್ಳರ ಕಾವಲುಗಾರ. ಅತ್ತೆಯ ಹೆಸರು ಹೇಳಲಿಲ್ಲ; ಸಾಕ್ಷಿ ತೋರಿಸು ಎಂದು ಒಬ್ಬರೂ ಕೇಳಲಿಲ್ಲ. ನಮ್ಮದೂ ಇದೇ ಗೋಳು ಎಂದು ಊರಿಗೆ ಊರೇ ಹಿಂದೆ ನಿಂತಿತು. ಗ್ಲೆನ್ ಫೋನ್ ಎತ್ತುವುದನ್ನು ಬಿಟ್ಟ. ಅವನ ಕೆಲಸಕ್ಕೇನೂ ಕುಂದಾಗಲಿಲ್ಲ ಅನ್ನಿ. ಹೊರಗಿನವರು ಇಷ್ಟು ಬೈಯುತ್ತಾರೆಂದರೆ ಇವನು ಕಂಪನಿಗೆ ನಿಯತ್ತಾಗಿದ್ದಾನೆ ಎಂದು ಮೇಲಿನವರು ಬೆನ್ನು ತಟ್ಟಿದರಂತೆ.

ಭಾನುವಾರ ಅತ್ತೆಯ ಮನೆಯಲ್ಲಿ ಊಟ. ಹುರುಪಿನಿಂದ ನನ್ನ ಪ್ರತಾಪ ಹೇಳಿದೆ. ಅತ್ತೆ ಮ್ಯಾಕರೋನಿ ತುಂಬಿ ಬೇಯಿಸಿದ ತಿಂಪಾನಾ ಕೊಯ್ಯುತ್ತಾ, "ಆ ಲಿಂಕ್ ನಾನು ಒತ್ಲೇ ಇಲ್ವಲ್ಲೇ," ಎಂದರು.

"ಮತ್ತೆ ಒಳಗೆ ಹೋಗಿದ್ದು ಹೇಗೆ?"

"ಹುಂಜದ ಹೆಸರು ಗೊತ್ತಿತ್ತು, ನಾನೇ ಹುಡುಕ್ಕೊಂಡು ಹೋದೆ. ಪಕ್ಕದ ಮನೆ ಟೆರೇಜಾ ಯಾವ್ದೋ ಲಿಂಕ್ ಒತ್ತಿ ಪೆನ್ಶನ್ ಕಳ್ಕೊಂಡಾಗ ನೀನೇ ಅಲ್ವಾ ಹೇಳಿದ್ದು? ಯಾರು ಕಳ್ಸಿದ್ರೂ ಒತ್ಬೇಡಿ ಅತ್ತೆ, ನಾನು ಕಳ್ಸಿದ್ರೂ ಒತ್ಬೇಡಿ ಅಂತ."

ಉಳಿದ ಗಿರಾಕಿಗಳು ಎಲ್ಲಿ ಹೋದರೆಂದು ನನಗೆ ಇವತ್ತಿಗೂ ತಿಳಿಯದು. ಆದರೆ ನಾನು ಎದೆ ತಟ್ಟಿ ಹೇಳಿದ ಸಾಕ್ಷಿ ಮಾತ್ರ ಸುಳ್ಳಾಗಿತ್ತು.

ಅಲ್ಲಿಂದಲೇ ಗುಂಪಿನಲ್ಲಿ ಬರೆದೆ: ತಪ್ಪು ನನ್ನದು, ನಾನು ಒಳಗೆ ಕಳಿಸಿದ ನಮ್ಮತ್ತೆ ಲಿಂಕ್ ಒತ್ತಿರಲೇ ಇಲ್ಲ, ಗ್ಲೆನ್ ಪ್ರಾಮಾಣಿಕ, ಕ್ಷಮಿಸಿ. ಬಂದ ಮೊದಲ ಉತ್ತರ: "ಎಷ್ಟು ಕೊಟ್ಟರು?" ಎರಡನೆಯದು: "ಅತ್ತೆ ಕಥೆ ಚೆನ್ನಾಗಿ ಕಟ್ಟಿದ್ದೀಯ." ಬೈಗುಳ ಬರೆದಾಗ ಆಧಾರ ಕೇಳದ ಮಹಾಶಯರೆಲ್ಲ ಈಗ ವಕೀಲರಾಗಿಬಿಟ್ಟಿದ್ದರು. ಅಷ್ಟಕ್ಕೇ ನಿಂತಿದ್ದರೆ ನಾನು ಸಹಿಸುತ್ತಿದ್ದೆ. ಸೆರ್ದುಕ್‌ನ ಮೇಲಿನವರಿಗೂ ಅದೇ ಅನುಮಾನ ಹತ್ತಿತು: ಇಷ್ಟು ಬೈದವಳು ದಿಢೀರನೆ ಹೊಗಳುತ್ತಾಳೆಂದರೆ ಗ್ಲೆನ್ ಒಳಗಿಂದ ಏನೋ ಕೊಟ್ಟಿದ್ದಾನೆ. ಅವನ ಗುರುತಿನ ಚೀಟಿ ಕಿತ್ತುಕೊಂಡು, ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರು ಎಂದರು.

ಗ್ಲೆನ್ ನನ್ನನ್ನು ಕಾಣಲು ಸಮುದ್ರದ ಪಕ್ಕದ ಬೆಂಚಿಗೆ ಬಂದ. ಮುಖ ಇಳಿದುಹೋಗಿತ್ತು. ಅವನ ಪರವಾಗಿ ಇನ್ನೂ ನಾಲ್ಕು ಮಾತು ಬರೆದುಕೊಂಡಿದ್ದೆ, ಫೋನು ಅವನ ಮುಂದೆ ಹಿಡಿದೆ.

"ಕೈ ಮುಗೀತೀನಿ ಕಣೇ, ಇನ್ನೊಂದು ಸಲ ನನ್ನ ಹೊಗಳ್ಬೇಡ."

"ಮತ್ತೇನು ಮಾಡ್ಲೋ? ನಿಜ ಹೇಳಿದ್ರೆ ಒಬ್ಬನಾದ್ರೂ ನಂಬ್ತಾನಾ ಈ ಊರಲ್ಲಿ?"

"ಹಳೇದನ್ನೇ ಹಾಕು. ಕ್ಷಮೆ ಕೇಳು ಅಂತ ಕಂಪನಿಯೋರು ಹೆದರಿಸಿದ್ರು, ಗ್ಲೆನ್ ಕಳ್ಳನೇ ಅಂತ ಬರಿ. ನೀನು ಬೈತಿದ್ದಾಗ ನನ್ನ ಕೆಲಸ ಇತ್ತು."

"ಸುಳ್ಳು ಅಂತ ಗೊತ್ತಿದ್ದೂ ಬರೀಲಾ?"

"ಮನೆ ಸಾಲ ನೀನು ಕಟ್ತೀಯಾ?"

ಬರೆದೆ. ಮೊದಲಿನದಕ್ಕಿಂತ ಖಾರವಾಗಿಯೇ ಬರೆದೆ, ಏಕೆಂದರೆ ಈ ಸಲ ಇಡೀ ಕಸುಬಿನ ಮೇಲಿನ ಸಿಟ್ಟೆಲ್ಲ ಅದರಲ್ಲಿತ್ತು. ಎಲ್ಲರೂ ಕೂಡಲೇ ನಂಬಿದರು. ನನ್ನ ಧೈರ್ಯ ಮೆಚ್ಚಿ ಬೋಯಾನ್ ಕೂಡ ಸದ್ದಿಲ್ಲದೆ ಒಂದು ಹೃದಯದ ಗುರುತು ಕಳಿಸಿದ. ಗ್ಲೆನ್‌ನನ್ನು ಕೆಲಸಕ್ಕೆ ಕರೆದರು, ಬೆನ್ನನ್ನೂ ತಟ್ಟಿದರಂತೆ.

ಆದರೆ ಹಗೆಗಳು ಹಗೆಗಳಂತೆಯೇ ಕಾಣಬೇಕಲ್ಲ. ದೃಢೀಕರಣದ ಹಿಂದಿನ ದಿನ ಗ್ಲೆನ್ ಫೋನ್ ಮಾಡಿದ. "ಹುಡುಗನ ಹೆಗಲ ಮೇಲೆ ಕೈಯಿಟ್ಟಿರೋ ಫೋಟೋ ಯಾರಾದ್ರೂ ಹಾಕಿದ್ರೆ ನನ್ನ ಕಥೆ ಮುಗೀತು. ಬರಕ್ಕಾಗಲ್ಲ ಕಣೇ." ಅವನ ದನಿ ಒಡೆದಿತ್ತು. ನನಗೂ ಅಳು ಬಂತು.

ಪಕ್ಕದ ಗೋಜೊ ದ್ವೀಪದಿಂದ ನನ್ನ ಭಾವನನ್ನು ಕರೆಸಿ ಧರ್ಮತಂದೆಯಾಗಿ ನಿಲ್ಲಿಸಿದೆವು. ಮಗ ಮಾತ್ರ ಚರ್ಚಿನ ಬಾಗಿಲ ಕಡೆ ತಿರುಗಿ ತಿರುಗಿ ನೋಡುತ್ತಿದ್ದ. ಚೆನ್ಸತ್ತೆ ನನ್ನ ಕಿವಿಯ ಹತ್ತಿರ ಬಾಗಿದರು.

"ಅವನು ಬರದೇ ಇದ್ದಿದ್ದೇ ಒಳ್ಳೇದಾಯ್ತು. ಟೆರೇಜಾ ತೋರಿಸಿದ್ಲು, ನೀನು ಬರೆದಿದ್ದೆಲ್ಲಾ ಓದಿದೆ, ಅವರು ನಿನ್ನ ಹೆದರಿಸಿದ್ದೂ ಸೇರಿ."

"ಅತ್ತೆ, ಅದೆಲ್ಲಾ ಸುಳ್ಳು! ನೀವು ಲಿಂಕ್ ಒತ್ತದೇ ಇದ್ದಿದ್ದಕ್ಕೆ ಆಗಿದ್ದು, ನಿಮಗೇ ಗೊತ್ತಲ್ಲ! ಗ್ಲೆನ್ ಚಿನ್ನದಂಥವನು."

"ಚರ್ಚಲ್ಲಿ ಕೂತು ಇನ್ನೊಬ್ಬರನ್ನ ಕಳ್ಳ ಅನ್ನಕ್ಕಾಗುತ್ತಾ, ಪಾಪ," ಎಂದು ನನ್ನ ಕೈ ಸವರಿದರು. "ಮನೆಗೆ ಹೋದ್ಮೇಲೆ ನಿಜ ಹೇಳು."