ಬಲೂನಿನ ಗಡ್ಡ

ಅಂಗಡಿಯ ಶಟರಿಗೆ ಸಿಕ್ಕಿ ಜಜ್ಜಿಹೋಗಿದ್ದ ಕ್ಷೌರಿಕನ ಎಡಗೈ ಹೆಬ್ಬೆರಳಿನ ಗಾಯ ಮಾಗಿತ್ತು. ಆದರೆ ಬೆರಳ ತುದಿಯ ಜೋಮು ಬಿಟ್ಟಿರಲಿಲ್ಲ. ಮುಟ್ಟಿದರೆ ಪಕ್ಕದ ಮನೆಯವರ ಬೆರಳಿನಂತಿತ್ತು. ಕತ್ತಿ ಹಿಡಿಯುವುದು ಬಲಗೈಯೇ. ಆದರೂ ಕೆನ್ನೆಯ ಚರ್ಮವನ್ನು ಎಳೆದು ಹಿಡಿದು, ಎಲ್ಲಿ ಮೂಳೆ ಇದೆ, ಎಲ್ಲಿ ಕೂದಲು ಸುಳಿ ತಿರುಗಿದೆ ಎಂದು ಬಲಗೈಗೆ ಚಾಡಿ ಹೇಳುತ್ತಿದ್ದುದು ಈ ಹೆಬ್ಬೆರಳು. ಈಗ ಅದು ಮುನಿಸಿಕೊಂಡ ನೆಂಟನ ಹಾಗೆ ಸುಮ್ಮನಿತ್ತು.

ಅಷ್ಟರಲ್ಲಿ ಅಂಗಡಿಯಲ್ಲಿ ಕಿಟಕಿ ಪಕ್ಕದ ಅವನ ಕುರ್ಚಿ ಬಾಮೈದನ ಪಾಲಾಗಿತ್ತು. ಗಿರಾಕಿಗಳೂ ಹೊಸ ಕೈಗೆ ಒಗ್ಗತೊಡಗಿದ್ದರು.

"ಭಾವ, ಬಲೂನಿಗೆ ಸೋಪು ಹಚ್ಚಿ ಕ್ಷೌರ ಮಾಡಿ. ಒಡೀಲಿಲ್ಲ ಅಂದ್ರೆ ನಾಳೆಯಿಂದ ಕುರ್ಚಿ ನಿಮ್ಮದು. ನನಗೆ ಕಲಿಸೋವಾಗ ನೀವೇ ಇಟ್ಟ ಪರೀಕ್ಷೆ ತಾನೆ?" ಅಂದ ಬಾಮೈದ.

ಮನೆಯ ಊಟದ ಮೇಜೇ ಪರೀಕ್ಷೆಯ ಜಾಗ. ಹೆಂಡತಿ ಟಿವಿ ಆರಿಸಿದಳು, ಫ್ಯಾನು ನಿಲ್ಲಿಸಿದಳು. "ಅಮ್ಮ, ತುಟಿ ಪಿಟಕ್ ಅನ್ನಬೇಡ" ಎಂದು ತಾಯಿಗೂ ಅಪ್ಪಣೆ ಮಾಡಿದಳು.

ಕ್ಷೌರಿಕ ಉಸಿರು ಬಿಗಿಹಿಡಿದ. ಹೆಬ್ಬೆರಳೇ, ಎಳಿ. ತೋರುಬೆರಳೇ, ಸಡಿಲ ಬಿಡು. ಮಣಿಕಟ್ಟೇ, ವಾಲು. ಢಬ್. ನೊರೆ ಅತ್ತೆಯ ಕನ್ನಡಕಕ್ಕೆ ಹಾರಿತು. ಎರಡನೆಯದೂ ಢಬ್. ಮೂರನೆಯದರ ನೊರೆ ಚಾವಣಿಯಿಂದ ತೊಟ್ಟಿಕ್ಕತೊಡಗಿತು.

"ಮನಸ್ಸು ಕೊಟ್ಟು ಮಾಡ್ರೀ" ಹೆಂಡತಿ ಪಿಸುಗುಟ್ಟಿದಳು.

"ಕೊಟ್ಟಿದ್ದೀನಿ ಕಣೇ. ಬೆರಳು ಈಸ್ಕೊಳ್ತಾ ಇಲ್ಲ."

ಉಳಿದದ್ದು ಒಂದೇ ಕೆಂಪು ಬಲೂನು. ಅದಕ್ಕೆ ನೊರೆ ಹಚ್ಚುವಷ್ಟರಲ್ಲಿ, ಕನ್ನಡಕ ಒರೆಸುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಅಲ್ಲಾ, ನಿಮ್ಮ ಅಂಗಡಿ ಪಕ್ಕದ ದರ್ಜಿ ತನ್ನ ಮದುವೆ ಕೋಟನ್ನೇ ಅಳತೆ ತಪ್ಪಿ ಹೊಲಿದನಂತಲ್ಲ."

ಮಗಳು ಕಣ್ಣು ಕೆಕ್ಕರಿಸಿದಳು. ಅಳಿಯನಿಗೆ ಮಾತ್ರ ಜೀವ ಬಂತು.

"ಯಾರು ಹೇಳಿದ್ದು ಅತ್ತೆ? ಅಳತೆ ಸರಿಯಾಗೇ ಇತ್ತು. ಹುಡುಗಿ ಮನೆಯವರು ದಿನಾ ಕರೆದು ಬಡಿಸಿ ಬಡಿಸಿ, ಕೋಟು ಮುಗಿಯೋ ಹೊತ್ತಿಗೆ ಇವನೇ ಊದಿಕೊಂಡಿದ್ದ. ಮದುವೆ ದಿನ ಬೆನ್ನ ಹೊಲಿಗೆ ಬಿಚ್ಚಿಹೋಯ್ತು. ಗೋಡೆಗೆ ಒರಗಿದೋನು ಕದಲಲೇ ಇಲ್ಲ. ಫೋಟೋ ನೋಡಿ, ಹೆಂಡತಿಗಿಂತ ಗೋಡೆಗೇ ಹತ್ತಿರ ನಿಂತಿದಾನೆ."

ಕತ್ತಿ ನಡೆಯುತ್ತಿತ್ತು. ಹೆಬ್ಬೆರಳು ಬಲೂನನ್ನು ಯಾರದೋ ಗಲ್ಲದಂತೆ ಎತ್ತಿತು, ಎಳೆಯಿತು, ಹೊರಳಿಸಿತು. ಬಲಗೈ ಅದರ ಬೆನ್ನಿಗೇ ನೊರೆ ಹೆರೆಯುತ್ತ ಬಂತು. ಬಾಯಿ ಮುಚ್ಚಿಕೊಂಡು ಈ ಮನುಷ್ಯ ಒಂದು ಗಡ್ಡವನ್ನೂ ತೆಗೆದವನಲ್ಲ ಎಂಬುದು ಹೆಂಡತಿಗೆ ಆಗ ಹೊಳೆಯಿತು.

ಅವನು ಕೆಳಗೆ ನೋಡಿದ. ಬಲೂನು ಬೋಳಾಗಿ ಮಿರುಗುತ್ತಿತ್ತು.

"ಅರೆ, ಆಗ್ತಾ ಇದೆ" ಅಂದ. ಢಬ್.

ಬಾಮೈದ ಕುರ್ಚಿ ಎಳೆದು ಕುಳಿತ, ಕೊರಳಿಗೆ ಟವೆಲು ಸುತ್ತಿಕೊಂಡ, ತಾನೇ ಮುಖಕ್ಕೆ ನೊರೆ ಬಳಿದುಕೊಂಡು ಗಲ್ಲ ಮೇಲೆತ್ತಿದ.

"ಕೈ ನೋಡಬೇಡಿ ಭಾವ. ನನ್ನ ಗಲ್ಲ ನೆಟ್ಟಗೆ ಉಳಿದರೆ ಕುರ್ಚಿ ನಿಮ್ಮದೇ. ಆಮೇಲೆ ದರ್ಜಿಗೆ ಏನಾಯ್ತು ಹೇಳಿ."

"ಅಷ್ಟೇ ಕಣೋ. ಮುಗೀತು."

ಕತ್ತಿ ಆಗಲೇ ಕೆನ್ನೆಗೆ ತಾಗಿತ್ತು.

"ಅಮ್ಮಾ" ಅಂದ ಬಾಮೈದ, ತುಟಿ ಅಲುಗಿಸದೆ, "ಬೇರೆ ಯಾರದಾದ್ರೂ ಸುದ್ದಿ ಇದ್ದರೆ ಬೇಗ ಶುರು ಮಾಡು."