ತಿರುವಿ ಹೊಲಿದ ಕಾಲರ್

ಮೇಷ್ಟ್ರಿಗೆ ಮರೆವು ಹತ್ತಿದ್ದು ಎಂ.ಎ. ಎರಡನೇ ವರ್ಷದ ತರಗತಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರೆಂದರೆ ಇಂಗ್ಲಿಷ್ ವಿಭಾಗದ ದೊಡ್ಡವರು ಮಾತ್ರ. ಅವರಿಗೆ ತಮ್ಮ ಕುರ್ಚಿ ಬಿಟ್ಟು ಬೇರೇನು ಕಂಡಿದೆ ಹೇಳಿ! ಮೇಷ್ಟ್ರು ನಿನ್ನೆ ಮಾಡಿದ ಪದ್ಯವನ್ನೇ ಇವತ್ತೂ ಶುರು ಮಾಡಿದರೆ ಹುಡುಗರು ಸದ್ದಿಲ್ಲದೆ ಪುಟ ಹಿಂದಕ್ಕೆ ತಿರುವಿ, ಹೊಸದಾಗಿ ಕೇಳುವವರಂತೆ ಕೇಳುತ್ತಿದ್ದರು. ಅವರು ತರಗತಿಯ ಬಾಗಿಲು ದಾಟಿ ಮುಂದೆ ಹೋಗಿಬಿಟ್ಟರೆ ಯಾರಾದರೊಬ್ಬರು ಓಡಿಹೋಗಿ, "ಸರ್, ಒಂದು ಡೌಟು" ಅಂತ ಮಾತಾಡಿಸುತ್ತಲೇ ಒಳಗೆ ಕರೆತರುತ್ತಿದ್ದರು. ಈ ವರ್ಷ ಕಳೆದರೆ ಅವರಿಗೆ ನಿವೃತ್ತಿ. ಅಲ್ಲಿಯವರೆಗೆ ಹೇಗೋ ದಡ ಮುಟ್ಟಿಸಿದರೆ ಸಾಕು ಅಂತ ಎಲ್ಲರ ಆಸೆ.

ಹೆಚ್ಚಿನ ಭಾರ ಬಿದ್ದದ್ದು ದರ್ಜಿಯ ಮಗಳ ಮೇಲೆ. ಇಂಗ್ಲಿಷಿನ ಶೋಕಗೀತೆಗಳ ಬಗ್ಗೆ ಅವಳು ಬರೆಯುತ್ತಿದ್ದ ಪ್ರಬಂಧಕ್ಕೆ ಮೇಷ್ಟ್ರೇ ಮಾರ್ಗದರ್ಶಕರು. ಭಾನುವಾರದ ರಜೆ ಬಂತೆಂದರೆ ಅವರ ಮನೆಗೆ ಹೋಗಿ, ಬರೆದದ್ದನ್ನು ಓದಬೇಕು. ಅವರದೊಂದು ಹಳೇ ಪದ್ಧತಿ. ಅವಳು ಒಂದು ವಾಕ್ಯ ಓದಿದರೆ ಅವರು ಕಣ್ಣು ಮುಚ್ಚಿ, ಅದನ್ನೇ ಗಟ್ಟಿಯಾಗಿ ತಿರುಗಿ ಹೇಳುವರು. "ಬಾಯಲ್ಲಿ ಹೊರಳದ ವಾಕ್ಯ ಕಾಗದದ ಮೇಲೂ ಸತ್ತ ಹಾಗೇನೇ ಕಣಮ್ಮಾ. ಇನ್ನೊಂದ್ಸಲ ಓದು." ಹಿಂದಿನ ವಾರ ಕೇಳಿದ್ದು ನೆನಪಿಲ್ಲದೆ ಈ ವಾರವೂ ಅದನ್ನೇ ಓದಿಸುವರು. ಹೀಗೆ ಒಂದೇ ಅಧ್ಯಾಯ ತಿಂಗಳುಗಟ್ಟಲೆ ಅವರ ನಾಲಿಗೆಯ ಮೇಲೆ ಆಡಿತು.

ಒಂದು ದಿನ ಮೇಷ್ಟ್ರ ಹೆಂಡತಿ ಗೇಟಿನವರೆಗೆ ಬಂದು ಅವಳ ಕೈ ಹಿಡಿದುಕೊಂಡರು. "ಯಾರ ಹತ್ರಾನೂ ಬಾಯಿ ಬಿಡಬೇಡಮ್ಮ. ಪಾಠ ಹೇಳೋದೊಂದೇ ಅವರನ್ನ ಹಿಡಿದು ನಿಲ್ಲಿಸಿರೋದು. ಅದೂ ಹೋದ್ರೆ ಮನುಷ್ಯ ಉಳಿಯಲ್ಲ."

"ಹೇಳಲ್ಲ ಅಮ್ಮಾ, ನನ್ನಾಣೆ," ಅಂದಳು ಹುಡುಗಿ.

ಆ ಅಧ್ಯಾಯದ ನಡುವೆ ಅವಳ ಮನೆಯದೇ ಒಂದು ಸಂಗತಿ ಇತ್ತು. ಅವಳ ತಮ್ಮ ಜ್ವರ ಬಂದು ತೀರಿಕೊಂಡ ಮೇಲೆ ತಾಯಿ ಅವನ ಶಾಲೆಯ ಅಂಗಿಯನ್ನು ದಿನಾ ಒಗೆದು ಹಗ್ಗಕ್ಕೆ ಹಾಕುತ್ತಿದ್ದಳು. "ಇನ್ನಾದ್ರೂ ಎತ್ತಿಡಬಾರದೇನೇ" ಅಂತ ನೆರೆಯವರು ಕೇಳಿದರೆ "ಇನ್ನೂ ಒಣಗಿಲ್ಲ" ಅನ್ನುವಳು. ಒಗೆದೂ ಒಗೆದೂ ಕಾಲರ್ ಹರಿದಾಗ ಅಪ್ಪ ಅದನ್ನು ಬಿಚ್ಚಿ, ತಿರುವಿ ಹೊಲಿದು ಕೊಟ್ಟ. ಇದನ್ನೆಲ್ಲ ಬರೆಯಲು ಅವಳು ಹಿಂದೆಮುಂದೆ ನೋಡಿದಾಗ, "ನಿಮ್ಮನೆ ದುಃಖಾನ ಚಪ್ಪಲಿ ಥರ ಹೊರಗೆ ಬಿಟ್ಟು ಬಂದು ಪದ್ಯ ಓದ್ತೀಯಾ? ಬರಿ" ಎಂದು ಗದರಿದವರು ಮೇಷ್ಟ್ರೇ. ಆದರೆ ವಿಭಾಗದ ಕಟ್ಟಪ್ಪಣೆ ಒಂದಿತ್ತಲ್ಲ, ಪ್ರಬಂಧದಲ್ಲಿ 'ನಾನು' ಎಲ್ಲೂ ಸುಳಿಯಕೂಡದು. ಹಾಗಾಗಿ 'ಒಂದು ಮನೆಯಲ್ಲಿ ಒಬ್ಬ ತಾಯಿ, ಒಬ್ಬ ತಂದೆ' ಅಂತ ಬರೆದಳು. ಒಡಹುಟ್ಟಿದವನನ್ನು ಯಾರದೋ ಮಗನನ್ನಾಗಿ ಮಾಡಿದ ದಿನ ಅವಳಿಗೆ ಊಟ ಸೇರಲಿಲ್ಲ.

ಪ್ರಬಂಧದ ವೈವಾ ದಿನ ಮೇಜಿನ ಆಚೆ ವಿಭಾಗದ ಮುಖ್ಯಸ್ಥೆ, ಹೊರಗಿನಿಂದ ಬಂದ ಪರೀಕ್ಷಕರು, ಪಕ್ಕದಲ್ಲಿ ಮೇಷ್ಟ್ರು. ಪರೀಕ್ಷಕರು ಆ ಅಧ್ಯಾಯವನ್ನು ಬಾಯ್ತುಂಬ ಹೊಗಳಿ, ಮೊದಲ ಸಾಲು ಓದಿದರು. ಓದಿದ್ದೇ ತಡ, ಮೇಷ್ಟ್ರು ದಡಕ್ಕನೆ ಎದ್ದರು.

"ಇದು ನನ್ನ ಬರಹ! ಈ ಹುಡುಗಿ ಕದ್ದಿದ್ದಾಳೆ!"

"ಸರ್, ಇದು ಸಣ್ಣ ಆರೋಪ ಅಲ್ಲ. ಯೋಚನೆ ಮಾಡಿ ಹೇಳಿ," ಅಂದರು ಮುಖ್ಯಸ್ಥೆ.

ಮೇಷ್ಟ್ರು ಕಣ್ಣು ಮುಚ್ಚಿದರು. ಪುಟದ ಕಡೆ ನೋಡದೆ, ಒಂದು ಪದ ಆಚೀಚೆ ಆಗದಂತೆ ಅಧ್ಯಾಯ ಒಪ್ಪಿಸತೊಡಗಿದರು. ಬೆಳಗ್ಗೆ ತಿಂಡಿ ತಿಂದದ್ದು ನೆನಪಿರದ ಮನುಷ್ಯ! ಪರೀಕ್ಷಕರು ಸಾಲಿನ ಮೇಲೆ ಬೆರಳಾಡಿಸುತ್ತ ಹೋಗಿ, ಕೊನೆಗೆ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಕಳ್ಳತನ ಅಂತಾದರೆ ಪದವಿ ಇಲ್ಲ, ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮರೆವಿನ ಸುದ್ದಿ ಎತ್ತಿದರೆ ಅವಳು ಬಚಾವು. ಆದರೆ ಗೇಟಿನ ಹತ್ತಿರ ಹಿಡಿದ ಆ ಕೈ ಇನ್ನೂ ಬಿಟ್ಟಿರಲಿಲ್ಲ. ಕಳ್ಳಿ ಅನ್ನಿಸಿಕೊಂಡರೂ ಸರಿಯೆಂದು ಹಲ್ಲು ಕಚ್ಚಿ ಕೂತಳು.

ಅಂಗಿಯ ಮಾತು ಬಂದಾಗ ಮೇಷ್ಟ್ರ ದನಿ ಒಡೆಯಿತು. ಅಷ್ಟು ಹೊತ್ತು ಇಂಗ್ಲಿಷಿನಲ್ಲಿದ್ದ ಬಾಯಿ ಮನೆಮಾತಿಗೆ ಇಳಿಯಿತು. "ನನ್ನ ತಮ್ಮ ಅವನು. ಜ್ವರ ಬಂದಿತ್ತು, ಪಾಪ. ಅಮ್ಮ ದಿನಾ ಅಂಗಿ ಒಗೀತಿದ್ಳು..." ಕಣ್ಣೀರು ದಳದಳ ಇಳಿಯಿತು. ನಾಟಕದ ಕಣ್ಣೀರಲ್ಲ ಅದು.

ಅಧ್ಯಾಯ ಹೋಗಲಿ, ಪದವಿ ಹೋಗಲಿ. ತಮ್ಮನನ್ನು ಇನ್ನೊಂದು ಸಲ ಕಳೆದುಕೊಳ್ಳುವುದು ಅವಳಿಂದಾಗಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ನಿಮಗೆ ತಮ್ಮ ಇರಲೇ ಇಲ್ಲ ಸರ್! ನೀವು ಒಬ್ಬರೇ ಮಗ, ನಿಮ್ಮನೆ ಅಮ್ಮಾವ್ರೇ ಹೇಳಿದ್ದಾರೆ. ಅವನು ನನ್ನ ತಮ್ಮ. ನಿಮಗೆ ಮರೆವಿನ ಕಾಯಿಲೆ ಸರ್. ನಾವೆಲ್ಲ ಮುಚ್ಚಿಟ್ಟುಕೊಂಡು ಬಂದಿದ್ದೀವಿ."

ಮೇಷ್ಟ್ರು ಕೆನ್ನೆ ಒರೆಸಿಕೊಂಡು ಒದ್ದೆಯಾದ ಕೈಯನ್ನೇ ನೋಡಿದರು. "ನಿನ್ನ ತಮ್ಮನಾ? ಹಾಗಾದ್ರೆ ನನಗ್ಯಾಕಮ್ಮಾ ಇಷ್ಟು ಸಂಕಟ?"

ಮುಖ್ಯಸ್ಥೆ ಅವರನ್ನು ಮೆಲ್ಲಗೆ, ಇವತ್ತು ಯಾವ ವಾರ ಸರ್ ಅಂತ ಕೇಳಿದರು. ಮೇಷ್ಟ್ರು ಕಿಟಕಿಯ ಕಡೆ ನೋಡಿದರು. ಅಲ್ಲಿಗೆ ಅವರ ಪಾಠ ಮುಗಿಯಿತು.

ದರ್ಜಿಯ ಮಗಳು ಪಾಸಾದಳು. ಮುಖ ತೋರಿಸುವುದು ಹೇಗೆ ಅಂತ ವಾರಗಟ್ಟಲೆ ಒದ್ದಾಡಿ, ಕೊನೆಗೆ ಮೇಷ್ಟ್ರ ಮನೆಗೆ ಹೋದಳು. ಅವರ ಹೆಂಡತಿ ಬಾಗಿಲು ಅರ್ಧ ತೆಗೆದು ನಿಂತರು.

"ಪಾಸಾದ್ಯಂತೆ. ಒಳ್ಳೇದಾಯ್ತು ಬಿಡು."

"ಅಮ್ಮಾ, ನಾನು..."

ಒಳಗಿನಿಂದ ಮೇಷ್ಟ್ರ ದನಿ ಬಂತು. "ಯಾರೇ ಅದು? ತಮ್ಮ ಬಂದ್ನಾ?"

"ಕೇಳಿಸ್ಕೊಂಡ್ಯಾ?" ಅಂದರು ಆಕೆ. "ದಿನಾ ಇದೇ. ನಿಮಗೆ ತಮ್ಮನೇ ಇರಲಿಲ್ಲ ಅಂದ್ರೆ ಈಗಷ್ಟೇ ಸತ್ತ ಸುದ್ದಿ ಕೇಳಿದೋರ ಹಾಗೆ ಅಳ್ತಾರೆ. ನನ್ನ ಕೈಲಿ ಆಗಲ್ಲಮ್ಮ. ನೀನೇ ಹೇಳು ಹೋಗು, ನಿನಗೆ ಹೇಳಿ ಅಭ್ಯಾಸ ಇದೆಯಲ್ಲ."

ಆ ಮಾತು ನಾಟಿತು. ಆದರೂ ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಮೇಷ್ಟ್ರು ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದರು. ಅವಳ ಗುರುತು ಅವರಿಗೆ ಹತ್ತಲಿಲ್ಲ.

"ಎಲ್ಲಮ್ಮಾ ಅವನು? ಇನ್ನೂ ಯಾಕೆ ಬರಲಿಲ್ಲ?"

ಅವಳು ಅವರ ಕಾಲ ಬಳಿ ಕೂತಳು.

"ಬರ್ತಾನೆ ಸರ್," ಅಂದಳು. "ಅಂಗಿ ಇನ್ನೂ ಒಣಗಿಲ್ಲ."