ಹನ್ನೊಂದು ದಿನದ ದೊರೆ

ಹೋದ ತಿಂಗಳು ಹನ್ನೊಂದು ದಿನ ನಾನು ಅರ್ಧ ಭೂಮಂಡಲವನ್ನು ಆಳಿದೆ. ಉಳಿದರ್ಧವನ್ನೂ ಗೆಲ್ಲುತ್ತಿದ್ದೆ, ಮಾಗಡಿಗೆ ಬಸ್ಸು ತಪ್ಪುತ್ತದೆಂದು ಬಿಟ್ಟುಕೊಟ್ಟೆ.

ಇದನ್ನು ಕೇಳಿ ಗೆಳೆಯ ಕೆಂಪರಾಜು ಟೀ ಲೋಟ ಕುಕ್ಕಿದ. "ಲೇ ಲಕ್ಷ್ಮಯ್ಯ, ನಿನ್ ಬುರುಡೆ ಕೇಳೋಕೆ ಈ ಊರಲ್ಲಿ ಉಳ್ದಿರೋನು ನಾನೊಬ್ನೇ ಕಣ್ಲಾ. ಇದೂ ಸುಳ್ಳಾದ್ರೆ ನಾಳಿಂದ ಒಬ್ನೇ ಕೂತ್ಕೊಂಡು ಟೀ ಕುಡ್ಕೊ."

ಪೂರ್ತಿ ಬುರುಡೆಯೇನಲ್ಲ. ನಾಟಕದ ಉಡುಪು ಬಾಡಿಗೆಗೆ ಕೊಡುವ ನನ್ನ ಅಂಗಡಿಗೆ ಚನ್ನಪಟ್ಟಣದಿಂದ ಭಾನುಪ್ರಿಯ ಎಂಬ ಚಿತ್ರಕಲಾವಿದೆ ಬಂದಿದ್ದಳು. ಯುದ್ಧ ಮಾಡಿಸುವ ದೊರೆಯೊಬ್ಬನನ್ನು ಹಳೇ ಅರಮನೆಯ ಪಟಗಳ ಹಾಗೆ ಬರೆಯಬೇಕಿತ್ತಂತೆ. ಕಿರೀಟ, ಕತ್ತಿ, ಜರಿಯ ಕೋಟು ಕೊಟ್ಟೆ. ಹನ್ನೊಂದು ದಿನ ಚನ್ನಪಟ್ಟಣಕ್ಕೆ ಹೋಗಿ ದೊರೆಯಾಗಿ ಕೂತವನೂ ನಾನೇ, ನನ್ನ ಮೀಸೆಗೇ ನಾಲ್ಕು ದಿನ ಹಿಡಿಯಿತು ಎಂದು ಊರಿಗೆಲ್ಲ ಸಾರಿದೆ.

ರಾಮನಗರದಲ್ಲಿ ಪ್ರದರ್ಶನವಾದಾಗ ಕೆಂಪರಾಜು ನನ್ನನ್ನು ಬಸ್ಸಿಗೆ ಎಳೆದುಕೊಂಡೇ ಹೋದ.

ಆಳೆತ್ತರದ ಪಟ. ನನ್ನದೇ ಕೋಟು, ಬಗಲಿನ ತೇಪೆಯ ಸಮೇತ. ಎದೆಯ ಮೇಲೆ ಪದಕಗಳ ಜಾಗದಲ್ಲಿ ಮಕ್ಕಳ ಪುಟ್ಟ ಚಪ್ಪಲಿಗಳು ಸಾಲಾಗಿ ತೂಗುತ್ತಿದ್ದವು. ಕಿರೀಟಕ್ಕೂ ಕಾಲರಿಗೂ ನಡುವೆ ಮುಖವಿರಲಿಲ್ಲ. ಅಲ್ಲಿ ದೂರದಲ್ಲೊಂದು ಊರು ಉರಿಯುತ್ತಿತ್ತು.

"ನಿನ್ ಮಕ ಎಲ್ಲಲಾ?"

"ಒಸಿ ಹಿಂದಕ್ಕೆ ನಿಂತ್ಕೊಂಡು ನೋಡ್ಲಾ. ಆ ಹೊಗೆ ಐತಲ್ಲ, ಅದ್ರ ಹಿಂದಿರೋನು ನಾನೇ."

"ನಾಲ್ಕು ದಿನದ ಮೀಸೆನಾರ ಕಾಣ್ಬೇಕಲ್ಲ?"

ಅಷ್ಟರಲ್ಲಿ ಭಾನುಪ್ರಿಯ ಬಂದಳು. "ಬಂದ್ರಾ ಅಂಕಲ್! ನಿಮ್ ಕೋಟ್ ಇಲ್ದಿದ್ರೆ ಈ ಪೇಂಟಿಂಗೇ ಆಗ್ತಿರ್ಲಿಲ್ಲ."

"ಕೂತಿದ್ದು ಇವ್ನೇನಾ ತಾಯಿ?" ಎಂದ ಕೆಂಪರಾಜು.

"ಯಾರೂ ಕೂತಿಲ್ಲ. ಕೋಟನ್ನ ಕುರ್ಚಿಗೆ ಹಾಕಿದ್ದೆ, ಅಷ್ಟೆ." ಯಾರೋ ಕರೆದರೆಂದು ಆಕೆ ಅತ್ತ ಹೋದಳು.

ಕೆಂಪರಾಜು ಬಾಗಿಲ ಕಡೆ ನಡೆದ. ನಾನು ಹಿಂದೆಯೇ ಓಡಿದೆ.

"ಮತ್ತೆ ಹನ್ನೊಂದು ದಿನ ಚನ್ನಪಟ್ಣಕ್ಯಾಕ್ಲಾ ಹೋಯ್ತಿದ್ದೆ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಕೋಟಿನ ಗುಂಡಿ ಹೊಲಿಯೋಕೆ ಕಣ್ಲಾ. ದಿನಾ ಸಂಜೆ ಬರೋವಾಗ ನಾನೇ ಒಂದು ಗುಂಡಿ ಕಿತ್ಬುಟ್ಟು ಬತ್ತಿದ್ದೆ, ನಾಳೆ ಹೋಗೋಕೆ ನೆಪ ಬೇಕಲ್ಲ."

ಅವನು ಹೊಸ್ತಿಲ ಮೇಲೆ ನಿಂತ. ತಿರುಗಲಿಲ್ಲ, ಹೋಗಲೂ ಇಲ್ಲ.

"ಹೋದೇಟ್ಗೆ ಆ ಹುಡ್ಗಿ ಬ್ರಷ್ ಕೆಳಗಿಟ್ಟು, ಊಟ ಆಯ್ತಾ ಅಂಕಲ್ ಅಂತ ಕೇಳೋಳು. ಅಷ್ಟಕ್ಕೇ ಹೋಯ್ತಿದ್ದೆ ಕಣ್ಲಾ."